ಸಂಜೆಗೆ ಹಳಸುವ ಅರ್ಜಿಗಳು

ಎಂಜಲು ತಟ್ಟೆ ಎತ್ತುವವನಿಗೆ ಮಗಳನ್ನು ಕೊಡುವುದಿಲ್ಲ ಎಂದು ನಲ್ಲೂರಿನ ಉಚ್ಚಂಗೆಪ್ಪ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರಿಂದ ರೇವಣ್ಣ ಗುಮಾಸ್ತನಾಗಬೇಕಾಯಿತು. ಚನ್ನಗಿರಿಯ ಶಿವಮೂರ್ತಪ್ಪನವರ ಹೋಟೆಲಿನಲ್ಲಿ ಒಂಬತ್ತು ವರ್ಷ ಇಡ್ಲಿ ಕಾಫಿ ಕೊಟ್ಟ ಕೈ ಅದು. ಯುದ್ಧದ ಕಾಲ, ಸೀಮೆಎಣ್ಣೆಗೂ ಪರವಾನಗಿ ಬೇಕು. ಆ ಚೀಟಿ ಬರೆಯುವ ಕಚೇರಿಯಲ್ಲಿ ಅವನಿಗೆ ಹಂಗಾಮಿ ಕೆಲಸ ಸಿಕ್ಕಿತು. ಮೊದಲ ದಿನವೇ ಸಂಜೆ ಉಚ್ಚಂಗೆಪ್ಪ ಬಂದು, ಹುಡುಗ ಕುರ್ಚಿಯ ಮೇಲೆ ಕೂತಿದ್ದನ್ನು ಕಣ್ಣಾರೆ ಕಂಡು, ಮದುವೆ ಗೊತ್ತುಮಾಡುವುದೆಂದು ಮಾತಾಗಿತ್ತು.

ಹೆಡ್ ಗುಮಾಸ್ತ ರಂಗಣ್ಣ ಹುಕುಂ ಓದಿ ಹೇಳಿದರು: ಬಾಕಿ ಅರ್ಜಿಗಳು ತೀರುವವರೆಗೆ ಮಾತ್ರ ಈ ಕೆಲಸ. ರೇವಣ್ಣನ ಮುಖ ಬಾಡಿತು. ರಂಗಣ್ಣ ಬೀರು ತೆರೆದು ತೋರಿಸಿದರು.

“ಹೆದರಬ್ಯಾಡ. ಇನ್ನೂರು ಅದಾವೆ. ನಿನ್ನ ಮಕ್ಕಳ ಮದುವೆವರೆಗೂ ಸಾಲ್ತಾವೆ.”

ರೇವಣ್ಣ ಕುರ್ಚಿಯಲ್ಲಿ ಕೂತ. ಎದುರಿನ ಜಗಲಿಯ ಬೆಂಚಿನ ಮೇಲೆ ದರ್ಜಿ ಲಾಲ್‌ಸಾಬ್ ಕೂತಿದ್ದರು. ಐದು ತಿಂಗಳಿಂದ ಅಲ್ಲೇ ಕೂರುತ್ತಿದ್ದರಂತೆ. ಬೆಂಚಿನ ಮೇಲೆ ಒಬ್ಬ ಮನುಷ್ಯ, ಮುಂದೆ ಏನೂ ಇಲ್ಲ. ಆ ನೋಟ ರೇವಣ್ಣನಿಗೆ ಸಹಿಸಲಾಗಲಿಲ್ಲ. ಬೆನ್ನ ಹಿಂದೆ ಹೋಟೆಲಿನ ಮಾಲೀಕರು ಗುರಾಯಿಸಿದಂತಾಯಿತು. ಎದ್ದು ಹೋಗಿ, ಏನು ಬೇಕೆಂದು ಕೇಳಿದ. ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಲಾಲ್‌ಸಾಬ್ ಎದ್ದು ನಿಂತು ಕೈ ಮುಗಿದರು. ಐದು ನಿಮಿಷದಲ್ಲಿ ಸೀಮೆಎಣ್ಣೆಯ ಚೀಟಿ ಅವರ ಕೈಯಲ್ಲಿತ್ತು.

ಸುದ್ದಿ ಸಂತೆಯ ಹೊಗೆಯಂತೆ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಜಗಲಿ ತುಂಬಿತು. ರೇವಣ್ಣನ ಗಂಟಲು ತಾನಾಗಿಯೇ ತೆರೆದುಕೊಂಡಿತು.

“ಮೂಲೆ ಬೆಂಚಿಗೆ ಎರಡು ಬಾಟ್ಲಿ, ಕಂಬದ ಹತ್ರ ಒಂದು, ಜಲ್ದಿ.”

ಮೊಹರು ಹಿಡಿದಿದ್ದ ಜವಾನ ಬೈಲಪ್ಪ ಗಾಬರಿಗೆ ಒತ್ತಿದ್ದೇ ಒತ್ತಿದ್ದು. ಒಳಗೆ ಸಾಹೇಬರ ಮುಂದೆ ರೇವಣ್ಣ ಕಾಗದಗಳನ್ನು ಮೊಣಕೈವರೆಗೆ ಜೋಡಿಸಿಕೊಂಡು ಬಂದು ಒಂದೊಂದಾಗಿ ಇಟ್ಟ. ಅವರು ಪಂಕ್ತಿಯಲ್ಲಿ ಕೂತವರಂತೆ, ಇನ್ನು ಸಾಕು ಎನ್ನಲು ನಾಚಿ, ಸಹಿ ಮಾಡುತ್ತಲೇ ಹೋದರು.

ರಂಗಣ್ಣ ಅವನನ್ನು ಪಕ್ಕಕ್ಕೆ ಕರೆದು, ಸ್ವಲ್ಪವಾದರೂ ಉಳಿಸೆಂದು ಬೇಡಿಕೊಂಡರು.

“ಉಳಿದ್ರೆ ಸಂಜೆಗೆ ಹಳಸ್ತಾವ್ರೀ” ಎಂದ ರೇವಣ್ಣ.

ಸಂಜೆ ಬೀರುವಿನಲ್ಲಿ ಒಂದು ಜಿರಲೆ ಮಾತ್ರ ಇತ್ತು. ರೇವಣ್ಣ ಮೇಜು ಒರೆಸಿ, ಹೆಮ್ಮೆಯಿಂದ ಟವೆಲ್ಲು ಹೆಗಲಿಗೆ ಹಾಕಿಕೊಂಡ. ರಂಗಣ್ಣ ಹುಕುಮಿನ ಕಾಗದದ ಮೇಲೆ ಬೆರಳಿಟ್ಟರು. ಬಾಕಿ ಅರ್ಜಿಗಳು ತೀರುವವರೆಗೆ.

ರೇವಣ್ಣ ಕುರ್ಚಿಯಲ್ಲಿ ಕುಸಿದ. ಆಗಲೇ ಉಚ್ಚಂಗೆಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಕುರ್ಚಿಯನ್ನೂ ಅದರ ಮೇಲಿದ್ದ ಹುಡುಗನನ್ನೂ ನೋಡಿ ಅವನ ಮುಖ ಅರಳಿತು. ಜೇಬಿನಿಂದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟ: ಮಗಳ ಮದುವೆಯ ದೀಪಗಳಿಗೆ ಆರು ಬಾಟ್ಲಿ ಸೀಮೆಎಣ್ಣೆ.

ರಂಗಣ್ಣನ ಕಣ್ಣಲ್ಲಿ ನೀರೇ ಬಂತು. ರೇವಣ್ಣನ ಕಿವಿಯಲ್ಲಿ ಪಿಸುಗುಟ್ಟಿದರು.

“ದೇವರು ಕೊಟ್ಟ ಅರ್ಜಿ ಇದು. ಬೀರುದಾಗೆ ಇಟ್ಟು ಬೀಗ ಹಾಕು. ಇದಿರೋವರೆಗೂ ನೀನು ಗುಮಾಸ್ತ.”

ರೇವಣ್ಣ ಬೀಗ ಹಾಕಿದ. ಉಚ್ಚಂಗೆಪ್ಪ ಜಗಲಿಯ ಬೆಂಚಿನ ಮೇಲೆ ಕೂತು ಕಾದ. ಐದು ನಿಮಿಷ. ಹತ್ತು ನಿಮಿಷ. ರೇವಣ್ಣ ಗೋಡೆ ನೋಡಿದ, ಮಸಿಯ ದೌತಿ ನೋಡಿದ, ಕಣ್ಣು ಮುಚ್ಚಿದ. ಮುಚ್ಚಿದರೂ ಬೆಂಚು ಕಾಣುತ್ತಿತ್ತು. ಅದರ ಮೇಲೆ ಒಬ್ಬ ಮನುಷ್ಯ, ಮುಂದೆ ಏನೂ ಇಲ್ಲ.

ಉಚ್ಚಂಗೆಪ್ಪ ಗಂಟಲು ಸರಿಮಾಡಿಕೊಂಡ, ಅಷ್ಟೆ.

“ಬಂದೆ ಸ್ವಾಮಿ” ಎಂದಿತು ರೇವಣ್ಣನ ಬಾಯಿ. ಬೀಗ ತೆಗೆದದ್ದು, ಚೀಟಿ ಬರೆದದ್ದು, ಮೊಹರು ಸಹಿ ಹಾಕಿಸಿದ್ದು ಯಾವುದೂ ಅವನಿಗೆ ನೆನಪಿಲ್ಲ. ಚೀಟಿ ಕೊಟ್ಟ ಮೇಲೆ ಬೆಂಚನ್ನೂ ಒರೆಸಿದನಂತೆ.

ರಂಗಣ್ಣ ನಿಟ್ಟುಸಿರುಬಿಟ್ಟು ಉಚ್ಚಂಗೆಪ್ಪನಿಗೆ ಹುಕುಂ ಓದಿ ಹೇಳಿದರು. ಉಚ್ಚಂಗೆಪ್ಪ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

“ಸೀಮೆಎಣ್ಣೆ ಸಿಕ್ತಲ್ಲಪ್ಪ, ಅದೇ ಕಷ್ಟ ಇತ್ತು” ಎಂದ. “ಗಂಡು ಇನ್ನೊಂದು ನೋಡ್ತೀವಿ.”