ಮೇಲಧಿಕಾರಿಯ ನಡಿಗೆಯಿಂದ ಸ್ಫೂರ್ತಿ ಪಡೆಯುವ ಕುರಿತು

ಇಲಾಖೆಯ ಚಿತ್ರ ಮತ್ತು ಅನಿಮೇಷನ್ ವಿಭಾಗ

ಸುತ್ತೋಲೆ ಸಂಖ್ಯೆ: ಚಿಅವಿ/ಸ್ಫೂರ್ತಿ/ನಡಿಗೆ/೭
(ಇದೇ ವಿಷಯದ ಹಿಂದಿನ ಸುತ್ತೋಲೆಯನ್ನು ಹಿಂಪಡೆಯಲಾಗಿದೆ. ಓದಿದವರು ಓದಿಲ್ಲವೆಂದೇ ಭಾವಿಸತಕ್ಕದ್ದು.)

ವಿಷಯ: ಗ್ರಾಫಿಕ್ ವಿನ್ಯಾಸ, ಚಿತ್ರರಚನೆ ಹಾಗೂ ಅನಿಮೇಷನ್ ಕೆಲಸಕ್ಕೆ ಬೇಕಾಗುವ ಸ್ಫೂರ್ತಿಯನ್ನು ಎಲ್ಲಿಂದ, ಯಾರಿಂದ ಮತ್ತು ಎಷ್ಟರಮಟ್ಟಿಗೆ ಪಡೆಯಬಹುದು ಎಂಬ ಬಗ್ಗೆ.

ಉಲ್ಲೇಖ:
(ಅ) ಅಧೀಕ್ಷಕರ ಮೌಖಿಕ ಆದೇಶ: "ಸ್ಫೂರ್ತಿ ಎಲ್ಲಿಂದಾದ್ರೂ ತಗೊಂಡ್ ಬಾಮ್ಮ, ಸೋಮವಾರದೊಳಗೆ ತಾ."
(ಆ) ಸದರಿ ಆದೇಶವನ್ನು ಚಿತ್ರಗಾರ್ತಿಯು ಚಾಚೂ ತಪ್ಪದೆ ಪಾಲಿಸಿರುವುದು.
(ಇ) ಕಾಯುವ ಕೋಣೆಯಲ್ಲಿ ಕೇಳಿಬಂದ ನಗು.

ಪ್ರಸ್ತಾವನೆ:

ಇಲಾಖೆಯ ಕಾಯುವ ಕೋಣೆಯ ಗೋಡೆಯ ಮೇಲೆ ಒಂದು ಪರದೆ ಇರುತ್ತದೆ. ಟೋಕನ್ ಸಂಖ್ಯೆ ಬಂದ ಕೂಡಲೇ ಪರದೆಯೊಳಗಿನ ಗೊಂಬೆ ಮನುಷ್ಯ ಎದ್ದು, ಸರಿಯಾದ ಕೌಂಟರಿನ ಕಡೆಗೆ ನಡೆದು ತೋರಿಸತಕ್ಕದ್ದು ಎಂಬುದು ಯೋಜನೆ. ಮೊದಲಿದ್ದ ಗೊಂಬೆಯನ್ನು ಬೇರೆ ಬೇರೆ ಕಚೇರಿಗಳ ಗೊಂಬೆಗಳನ್ನು ನೋಡಿ, ಎಲ್ಲದರಿಂದಲೂ ಚೂರುಚೂರು ಕಿತ್ತುಕೊಂಡು ಮಾಡಲಾಗಿತ್ತು. ಅದು ಮೈಗೆಲ್ಲ ಇಸ್ತ್ರಿ ಹಾಕಿಸಿಕೊಂಡಂತೆ ನಡೆಯುತ್ತಿತ್ತು. ಸಾರ್ವಜನಿಕರು ಅದರ ಕಡೆ ಕಣ್ಣೆತ್ತಿಯೂ ನೋಡದೆ, ಕಿಟಕಿಯೊಳಗೆ ಮುಖ ತೂರಿಸಿ "ನಂದು ಯಾವ ಕೌಂಟರು?" ಎಂದು ಕೇಳುವುದನ್ನು ಮುಂದುವರಿಸಿದ್ದರು.

ಆದ್ದರಿಂದ ಅಧೀಕ್ಷಕರು, ಅಂದರೆ ಈ ಸುತ್ತೋಲೆಗೆ ಸಹಿ ಮಾಡಿರುವವರು, ಉಲ್ಲೇಖ (ಅ)ರ ಆದೇಶ ಹೊರಡಿಸಿದರು. ಚಿತ್ರಗಾರ್ತಿಯು ಗುತ್ತಿಗೆ ನೌಕರರಾಗಿದ್ದು, ಗುತ್ತಿಗೆಯು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅದನ್ನು ನವೀಕರಿಸುವುದೂ ಬಿಡುವುದೂ ಅಧೀಕ್ಷಕರ ಕೈಯಲ್ಲಿದೆ. ಇಷ್ಟೆಲ್ಲ ತಿಳಿದಿದ್ದೂ ಚಿತ್ರಗಾರ್ತಿಯವರು ಕಂಪ್ಯೂಟರಿನ ಮುಂದಿನಿಂದ ಎದ್ದು ಹೋಗಿ, ಕಾಯುವ ಕೋಣೆಯ ಬೆಂಚಿನ ತುದಿಯಲ್ಲಿ ಕುಳಿತು, ಹೋಗಿಬರುವವರನ್ನು ನೋಡುತ್ತ ದಿನ ಕಳೆದರು.

ಪರಿಣಾಮವಾಗಿ ಹೊಸ ಗೊಂಬೆ ಬಂದಿತು. ಈತನು ಎಡಭುಜವನ್ನು ಮುಂದೆ ಮಾಡಿಕೊಂಡು ನಡೆಯುತ್ತಾನೆ. ಗಳಿಗೆಗೊಮ್ಮೆ ಜೇಬಿನ ಪೆನ್ನನ್ನು ಮುಟ್ಟಿ ನೋಡಿಕೊಳ್ಳುತ್ತಾನೆ. ಬಾಗಿಲ ಬಳಿ ನಿಂತು, ಒಂದು ಸಲ ಹಿಂತಿರುಗಿ ನೋಡಿ, ಆಮೇಲೆ ಒಳಗೆ ಹೋಗುತ್ತಾನೆ. ಜನ ಪರದೆ ನೋಡತೊಡಗಿದರು. ಸರಿಯಾದ ಕೌಂಟರಿಗೇ ಹೋಗತೊಡಗಿದರು. ಇಲ್ಲಿಯವರೆಗೆ ಇಲಾಖೆಯ ಆಕ್ಷೇಪಣೆ ಏನೂ ಇರುವುದಿಲ್ಲ.

ಆದರೆ ಒಂದು ಬೆಳಿಗ್ಗೆ ಅಧೀಕ್ಷಕರು ಕೈ ತೊಳೆಯಲು ಹೊರಟಾಗ, ಟೋಕನ್ ಹಿಡಿದವರು ಸಾಲಾಗಿ ಎದ್ದು ಹಿಂದೆಯೇ ಬಂದರು. ಶೌಚಾಲಯದ ಮುಂದೆ ಸರತಿ ನಿಂತಿತು. "ಇದೇನಾ ಕೌಂಟರು?" ಎಂದು ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು, "ಸುಮ್ನೆ ನಿಂತ್ಕೊಳ್ರೀ, ಟಿವಿಯವರು ಇವರೇ. ಇವರು ಹೋದ ಕಡೆ ಹೋದ್ರೆ ಕೆಲಸ ಆಗುತ್ತೆ" ಎಂದಿರುವುದಾಗಿ ತಿಳಿದುಬಂದಿದೆ. ಅದೇ ದಿನ ತಮ್ಮ ಸ್ವಂತ ಕೆಲಸಕ್ಕೆ ಬಂದಿದ್ದ ಅಧೀಕ್ಷಕರ ಅಕ್ಕನವರು ಎಲ್ಲರ ಎದುರಿಗೇ, "ಲೋ, ಆ ಪರದೆ ನೋಡಿ ನೀನೇ ಅಂತ ಕೂಗಿದೆ ಕಣೋ. ತಿರುಗ್ಲೇ ಇಲ್ಲ. ಅಧಿಕಾರ ಸಿಕ್ಕಿ ಜಂಬ ಬಂತು ಅಂದ್ಕೊಂಡೆ" ಎಂದು ಹೇಳಿಕೆ ನೀಡಿರುತ್ತಾರೆ. ಉಲ್ಲೇಖ (ಇ) ಇಲ್ಲಿಂದಲೇ ಆರಂಭವಾಯಿತು.

ಈ ಹಿನ್ನೆಲೆಯಲ್ಲಿ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ:

೧. ಸ್ಫೂರ್ತಿಯನ್ನು ಇನ್ನು ಮುಂದೆ ನಿಗದಿತ ವಸ್ತುಗಳಿಂದ ಮಾತ್ರ ಪಡೆಯತಕ್ಕದ್ದು. ನಿಗದಿತ ವಸ್ತುಗಳು: ಮೆಟ್ಟಿಲ ಬಳಿಯ ಹೂಕುಂಡ, ಗೋಡೆ ಗಡಿಯಾರ ಮತ್ತು ಪಶ್ಚಿಮದ ಕಿಟಕಿಯಲ್ಲಿ ಕಾಣುವ ಮೋಡ. ಬಳಕೆಯ ನಡುವೆ ಮೋಡವು ಆಕಾರ ಬದಲಿಸಿದಲ್ಲಿ ಹೊಸದಾಗಿ ಅನುಮತಿ ಪಡೆಯತಕ್ಕದ್ದು.

೨. ಕಣ್ಣು ಮುಚ್ಚಿ ಯೋಚಿಸುವವರು ಮೇಜಿನ ಮೇಲೆ "ಯೋಚನೆ ನಡೆಯುತ್ತಿದೆ" ಎಂಬ ಫಲಕವನ್ನು ಇಡತಕ್ಕದ್ದು. ಗೊರಕೆ ಕೇಳಿಬಂದಲ್ಲಿ ಫಲಕವು ತಾನಾಗಿಯೇ ರದ್ದಾಗುತ್ತದೆ.

೩. ಹೊಸ ಭಿತ್ತಿಪತ್ರದಲ್ಲಿರುವ ೩ ಎಂಬ ಅಂಕಿಯ ಹೊಟ್ಟೆ ತಮ್ಮದೇ ಎಂದು ನಗದು ಗುಮಾಸ್ತರು ದೂರು ಸಲ್ಲಿಸಿರುತ್ತಾರೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಪರಿಶೀಲಿಸಲಾಗಿ, ಅಂಕಿಯದ್ದು ಚಿಕ್ಕದೆಂದು ಕಂಡುಬಂದಿದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.

೪. ಅನಿವಾರ್ಯವಾಗಿ ಮನುಷ್ಯರಿಂದಲೇ ಸ್ಫೂರ್ತಿ ಪಡೆಯಬೇಕಾದಲ್ಲಿ ತನಗಿಂತ ಕೆಳಗಿನ ದರ್ಜೆಯವರಿಂದ ಪಡೆಯತಕ್ಕದ್ದು. ತಮಗಿಂತ ಕೆಳಗೆ ಯಾರೂ ಇಲ್ಲದ ಗುತ್ತಿಗೆ ನೌಕರರು ಹೂಕುಂಡವನ್ನು ಬಳಸತಕ್ಕದ್ದು.

೫. ಅಧೀಕ್ಷಕರು ತಮ್ಮ ನಡಿಗೆಯನ್ನು ಬದಲಾಯಿಸಿಕೊಳ್ಳಬಾರದೇಕೆ ಎಂಬ ಸಲಹೆಯನ್ನು ಪರಿಗಣಿಸಲಾಯಿತು. ಅವರು ಬಲಭುಜ ಮುಂದೆ ಮಾಡಿ, ಜೇಬು ಮುಟ್ಟದೆ, ಕೆಳಗಿನ ಮಹಡಿಯವರೆಗೆ ಹೋಗಿಬಂದರು. ಕಾವಲುಗಾರರು ಓಡಿಬಂದು "ಸಾರ್, ಸೊಂಟ ಹಿಡ್ಕೊಳ್ತಾ? ಕುರ್ಚಿ ತರ್ಲಾ?" ಎಂದು ವಿಚಾರಿಸಿದರು. ಸಲಹೆಯನ್ನು ಕೈಬಿಡಲಾಗಿದೆ. ಪೆನ್ನೂ ಅಷ್ಟರಲ್ಲಿ ಎಲ್ಲೋ ಬಿದ್ದುಹೋಗಿದೆ.

೬. ಪ್ರಾಯೋಗಿಕವಾಗಿ ಗೊಂಬೆಯನ್ನು ತೆಗೆದು ಒಂದು ಕೆಂಪು ಬಾಣವನ್ನು ಹಾಕಿಸಲಾಯಿತು. ಬಾಣವು ದೋಷರಹಿತವಾಗಿತ್ತು. ಜನ ಅದರ ಕೆಳಗೆ ಸುಮ್ಮನೆ ಕುಳಿತರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುದುಕರು ಅಧೀಕ್ಷಕರ ಕೋಣೆಯೊಳಗೆ ಇಣುಕಿ, "ಹುಷಾರಾಗಿದ್ದೀರಲ್ಲಪ್ಪಾ? ಪರದೆ ಮೇಲೆ ಕಾಣ್ಲಿಲ್ಲ, ಏನಾಯ್ತೋ ಅಂತ ಹೆದರಿದ್ವಿ" ಎಂದು ಹೇಳಿ ಹೋದರು. ಹೊರಗೆ "ಇದಾರಂತೆ, ಇದಾರಂತೆ" ಎಂಬ ಮಾತು ಬೆಂಚಿನಿಂದ ಬೆಂಚಿಗೆ ಹರಡಿತು. ಇಷ್ಟು ವರ್ಷಗಳ ಸೇವೆಯಲ್ಲಿ ಸಾರ್ವಜನಿಕರು ಅಧೀಕ್ಷಕರ ಆರೋಗ್ಯ ವಿಚಾರಿಸಿದ್ದು ಇದೇ ಮೊದಲೆಂದು ದಾಖಲಿಸಲಾಗಿದೆ.

೭. ಚಿತ್ರಗಾರ್ತಿಯನ್ನು ಕರೆಸಿ, ನವೀಕರಣದ ಕಡತವನ್ನು ಎದುರಿಗೇ ಇಟ್ಟುಕೊಂಡು ವಿಚಾರಣೆ ನಡೆಸಲಾಯಿತು. "ಅಷ್ಟು ಜನ ಓಡಾಡ್ತಾರಲ್ಲಮ್ಮ, ನಾನೇ ಸಿಕ್ಕಿದ್ನಾ ನಿಂಗೆ?" ಎಂಬ ಪ್ರಶ್ನೆಗೆ ಅವರು ನೀಡಿದ ಉತ್ತರವನ್ನು ಇದ್ದ ಹಾಗೆಯೇ ಕೊಡಲಾಗಿದೆ: "ಅಣಕಿಸೋಕೆ ಮಾಡಿದ್ದಲ್ಲ ಸಾರ್. ಎಲ್ಲರೂ ಬಾಗಿಲು ತಳ್ಕೊಂಡು ಹೋಗ್ತಾನೇ ಇರ್ತಾರೆ. ನೀವೊಬ್ರೇ ನಿಂತು ಹಿಂದೆ ನೋಡೋದು, ಯಾರಾದ್ರೂ ಬರ್ತಿದಾರಾ, ಬಾಗಿಲು ಬಡಿದುಬಿಡುತ್ತಾ ಅಂತ. ಅದನ್ನ ನೋಡಿದ ಮೇಲೆ ಬೇರೆ ಯಾರ ನಡಿಗೆನೂ ಕೈಗೆ ಬರ್ಲಿಲ್ಲ. ಭುಜ ಬದಲಾಯಿಸ್ತೀನಿ, ಪೆನ್ನು ತೆಗೀತೀನಿ. ಬೇಕಾದ್ರೆ ನನ್ನನ್ನೇ ತೆಗೀರಿ. ಆ ಹಿಂತಿರುಗಿ ನೋಡೋದನ್ನ ಮಾತ್ರ ತೆಗೀಬೇಡಿ ಸಾರ್. ಅದಿಲ್ದೆ ಹೋದ್ರೆ ಅವನು ಮತ್ತೆ ಬರೀ ಗೊಂಬೆ."

೮. ಅಧೀಕ್ಷಕರು ಬಾಗಿಲ ಬಳಿ ಹಿಂತಿರುಗಿ ನೋಡುವುದು ತಮ್ಮ ಕೋಣೆಯ ಫ್ಯಾನ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನದಿಂದ. ಹಿಂದೆ ಯಾರಾದರೂ ಬರುತ್ತಿದ್ದರೇ ಎಂಬುದನ್ನು ಅವರು ಈವರೆಗೆ ಗಮನಿಸಿದ್ದಿಲ್ಲ. ಈ ಅಂಶವನ್ನು ಚಿತ್ರಗಾರ್ತಿಯವರಿಗೆ ಅಲ್ಲೇ ತಿಳಿಸಬಹುದಾಗಿತ್ತು. ಬಾಯಿಯವರೆಗೂ ಬಂದಿತ್ತು. ತಿಳಿಸಲಾಗಲಿಲ್ಲ. "ಸರಿ, ಹೋಗಮ್ಮ" ಎಂದಷ್ಟೇ ಹೇಳಿ ಕಳುಹಿಸಲಾಯಿತು. ಸಿಬ್ಬಂದಿಯು ಈ ಖಂಡವನ್ನು ಗೌಪ್ಯವೆಂದು ಪರಿಗಣಿಸತಕ್ಕದ್ದು. ಚಿತ್ರಗಾರ್ತಿಯವರ ಪ್ರತಿಯಲ್ಲಿ ಇದನ್ನು ಕೈಬಿಟ್ಟು ಮುದ್ರಿಸತಕ್ಕದ್ದು.

೯. ಹೀಗೆ ಚಿತ್ರಕ್ಕೂ ವಾಸ್ತವಕ್ಕೂ ನಡುವೆ ವ್ಯತ್ಯಾಸ ಕಂಡುಬಂದಿರುವುದರಿಂದ ಎರಡರಲ್ಲಿ ಒಂದನ್ನು ತಿದ್ದುವುದು ಅಗತ್ಯವಾಯಿತು. ಚಿತ್ರವನ್ನು ತಿದ್ದಲು ಖಂಡ ೬ರ ಅನುಭವವು ಅಡ್ಡಬಂದಿದೆ. ಆದುದರಿಂದ ಅಧೀಕ್ಷಕರನ್ನು ತಿದ್ದಲು ತೀರ್ಮಾನಿಸಲಾಗಿದೆ. ನಿನ್ನೆಯಿಂದ ಅವರು ಬಾಗಿಲ ಬಳಿ ಹಿಂತಿರುಗಿ ನೋಡುವುದಲ್ಲದೆ, ಹಿಂದೆ ಬರುವವರು ದಾಟುವವರೆಗೆ ಬಾಗಿಲನ್ನು ಹಿಡಿದೂ ನಿಲ್ಲುತ್ತಿದ್ದಾರೆ. ಇದು ಶುದ್ಧ ಆಡಳಿತಾತ್ಮಕ ಕ್ರಮವಾಗಿದ್ದು, ಇದರಲ್ಲಿ ಒಳ್ಳೆಯತನವನ್ನು ಯಾರೂ ಹುಡುಕತಕ್ಕದ್ದಲ್ಲ. ಫ್ಯಾನ್ ಆರಿಸುವ ಜವಾಬ್ದಾರಿಯನ್ನು ನಗದು ಗುಮಾಸ್ತರಿಗೆ ವಹಿಸಲಾಗಿದೆ.

೧೦. ಬಾಣವನ್ನು ತೆಗೆದು ಗೊಂಬೆಯನ್ನು ಮರಳಿ ಹಾಕತಕ್ಕದ್ದು. ಖಂಡ ೧ ಮತ್ತು ೪ನ್ನು ಪಾಲಿಸುವುದು ಕಡ್ಡಾಯವಾಗಿದ್ದು, ಚಿತ್ರಗಾರ್ತಿಯವರಿಗೆ ಮಾತ್ರ ಅನ್ವಯಿಸುವುದಿಲ್ಲ.

ಸಹಿ/-
ಅಧೀಕ್ಷಕರು
(ಕಚೇರಿಯ ಪೆನ್ನಿನಿಂದ ಸಹಿ ಮಾಡಲಾಗಿದೆ)

ಪ್ರತಿಗಳು:
ಚಿತ್ರಗಾರ್ತಿಯವರಿಗೆ, ಗುತ್ತಿಗೆ ನವೀಕರಣದ ಆದೇಶ ಸಹಿತ. ಬೆಂಚಿನ ತುದಿಯ ಜಾಗವನ್ನು ಇವರಿಗೆಂದು ಕಾಯ್ದಿರಿಸಲಾಗಿದೆ.
ನಗದು ಗುಮಾಸ್ತರಿಗೆ, ಖಂಡ ೩ ಮತ್ತು ೯ರ ಮಾಹಿತಿಗಾಗಿ.
ಅಧೀಕ್ಷಕರ ಅಕ್ಕನವರಿಗೆ. ಉತ್ತರದ ಅಗತ್ಯವಿಲ್ಲ.
ದುರಸ್ತಿ ವಿಭಾಗಕ್ಕೆ: ಕಾಯುವ ಕೋಣೆಯ ಬಾಗಿಲಿನ ಸ್ಪ್ರಿಂಗ್ ತೀರಾ ಬಿಗಿಯಾಗಿದೆ. ಜನ ಬಹಳ ಬರುತ್ತಾರೆ. ಹಿಡಿದು ನಿಂತರೆ ಕೈ ಸೋತುಹೋಗುತ್ತದೆ. ದಯವಿಟ್ಟು ಬೇಗ ಸಡಿಲಿಸಿಕೊಡುವುದು.