ಎರಡು ಸೇರು, ಎರಡು ಕೆಜಿ

ನಮ್ಮಣ್ಣ ಹೇಳಿದ್ದು ಒಂದೇ ಕೆಲಸ: ಪುಡಿಯನ್ನು ತೂಗಿ ಹಾಕು. ಅದನ್ನು ನಾನು ಮಾಡಲಿಲ್ಲ. ಯಾಕೆ ಅಂತ ಕೇಳುವ ಮೊದಲು ಅವನು ಎಂಥ ಪ್ರಾಣಿ ಅನ್ನುವುದು ನಿಮಗೆ ಗೊತ್ತಾಗಬೇಕು. ನೀರನ್ನೂ ತಕ್ಕಡಿಗಿಟ್ಟು ತೂಗುವವನನ್ನು ಕನಕಪುರದ ಸುತ್ತಮುತ್ತ ಬೇರೆಲ್ಲಾದರೂ ಕಂಡಿದ್ದೀರಾ?

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಅವನು ಪಿಯುಸಿ ಸೈನ್ಸ್. ಅಲ್ಲಿ ಕಲಿತದ್ದರಲ್ಲಿ ಪರ್ಸೆಂಟ್ ದ್ರಾವಣವೊಂದೇ ಅವನ ತಲೆಯಲ್ಲಿ ಕರಗದೆ ಉಳಿದದ್ದು. ಮಜ್ಜಿಗೆಗೆ ಉಪ್ಪು ಹಾಕಿದರೂ ಪಾಠ.

"ನೂರು ಗ್ರಾಂ ಮಜ್ಜಿಗೆಗೆ ಒಂದು ಗ್ರಾಂ ಉಪ್ಪು ಹಾಕುದ್ರೆ ಒಂದು ಪರ್ಸೆಂಟ್ ಆಗಕಿಲ್ಲ ಕಣಮ್ಮಿ. ಒಟ್ಟು ನೂರಾ ಒಂದಾಯ್ತದೆ. ಉಪ್ಪುನ್ನೂ ಸೇರಿಸ್ಕೊಂಡು ಭಾಗಿಸ್ಬೇಕು."

"ಮೊದ್ಲು ಕುಡಿಯಣ್ಣ. ಒಳಕ್ಕೋದ್ಮೇಲೆ ಭಾಗಿಸ್ಕೊ."

ಮಾಗಡಿ ಕಡೆ ಹೆಣ್ಣು ನೋಡಲು ಹೋದಾಗ ಕಾಫಿ ಒಂದು ಗುಟುಕು ಕುಡಿದು, "ಸಕ್ಕರೆ ಹದಿನೈದು ಪರ್ಸೆಂಟ್ ದಾಟೈತೆ" ಅಂದ. ಹುಡುಗಿಯ ಅಪ್ಪ, "ನಮ್ ವಂಶದಲ್ಲಿ ಯಾರ್ಗೂ ಸಕ್ಕರೆ ಕಾಯಿಲೆ ಇಲ್ಲ ಸ್ವಾಮಿ" ಅಂತ ಎದ್ದೇಬಿಟ್ಟರು. ಸಂಬಂಧ ಅಲ್ಲಿಗೇ ಕರಗಿತು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹೊಸ ಹುಳು ತರುವ ಮೊದಲು ಹುಳುಮನೆಗೆಲ್ಲ ಬ್ಲೀಚಿಂಗ್ ಪೌಡರ್ ನೀರು ಹೊಡೆದು ರೋಗ ತೊಳೆಯಬೇಕು. "ತೊಂಬತ್ತೆಂಟು ಕೆಜಿ ನೀರು, ಎರಡು ಕೆಜಿ ಪುಡಿ. ತೂಗ್ ಹಾಕಮ್ಮಿ" ಅಂತ ಹೇಳಿ ಅಣ್ಣ ಹುಳು ತರಲು ಹೋದ. ತಕ್ಕಡಿ ಅಟ್ಟದ ಮೇಲಿತ್ತು. ರಾಗಿ ಅಳೆಯುವ ಸೇರು ಕೈಗೇ ಸಿಕ್ಕಿತು. ನಮ್ಮಲ್ಲಿ ಸೇರು ರಾಗಿ ಅಂದರೆ ಕೆಜಿ ಅಂತಲೇ ಲೆಕ್ಕ. ಎರಡು ಸೇರು ಪುಡಿ ಸುರಿದು ಕೈ ತೊಳೆದುಕೊಂಡೆ. ಆ ಹಗುರ ಪುಡಿ ರಾಗಿಯಷ್ಟು ತೂಗುತ್ತದೆಯೇ? ಯೋಚಿಸಿದವರು ಯಾರು!

ಗೂಡು ಕಟ್ಟುವ ಹೊತ್ತಿಗೆ ಹುಳುಗಳು ಹಳೇ ರೋಗ ತಗುಲಿ ಊದಿಕೊಂಡು, ಹಾಲಿನಂಥ ನೀರು ಸೋರಿಸಿ ಸತ್ತವು. ಅಣ್ಣ ಬುಟ್ಟಿಯಲ್ಲಿ ಹೊತ್ತು ಗುಂಡಿಗೆ ಸುರಿದ. "ಏನ್ಲಾ, ನಿನ್ ಪರ್ಸೆಂಟು ಕೈ ಕೊಡ್ತಾ?" ಅಂದರು ಪಕ್ಕದ ತೋಟದವರು. ಅವನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಭಾಗಿಸಿದ, ಒರೆಸಿದ, ಮತ್ತೆ ಭಾಗಿಸಿದ.

"ಎಲ್ಲೋ ನಾನೇ ಲೆಕ್ಕ ತಪ್ಪಿವ್ನಿ ಕಣಮ್ಮಿ."

ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಸೇರಿನ ಸುದ್ದಿ ಎತ್ತಲಿಲ್ಲ.

ಆಮೇಲೆ ಅವನು ಏನನ್ನೂ ತೂಗಲಿಲ್ಲ. ನಿನ್ನೆ ಬೇಕಂತಲೇ ಮಜ್ಜಿಗೆಗೆ ಉಪ್ಪು ಜಾಸ್ತಿ ಸುರಿದು ಕೊಟ್ಟೆ. ಪೂರ್ತಿ ಕುಡಿದು ಲೋಟ ಕೆಳಗಿಟ್ಟ. ಬೈದಿದ್ದರೆ ನಾನು ಇನ್ನೂ ಸುಮ್ಮನೇ ಇರುತ್ತಿದ್ದೆನೇನೋ.

ಅಟ್ಟದಿಂದ ತಕ್ಕಡಿ ಇಳಿಸಿ ಅಣ್ಣನ ಮುಂದಿಟ್ಟೆ. ಒಂದು ತಟ್ಟೆಗೆ ಕೆಜಿ ಕಲ್ಲು, ಇನ್ನೊಂದಕ್ಕೆ ಸೇರು ತುಂಬ ಪುಡಿ. ಕಲ್ಲು ಅಲ್ಲಾಡಲಿಲ್ಲ. ಅಣ್ಣ ತಕ್ಕಡಿ ನೋಡಿದ, ಆಮೇಲೆ ನನ್ನನ್ನು.

"ಅವತ್ತು ಸೇರಲ್ಲಿ ಅಳ್ದು ಹಾಕ್ಬುಟ್ಟೆ ಕಣಣ್ಣ, ತೂಗ್ಲಿಲ್ಲ. ನಿನ್ ಲೆಕ್ಕ ಸರ್ಯಾಗೇ ಇತ್ತು. ತಪ್ಪಾಯ್ತಣ್ಣ."