ಸಾವಿರದ ನೂರ ನಲವತ್ತಾರು ನಕ್ಷೆಗಳನ್ನು ಒಂದಾಗಿಸಿದವರಿಗೆ

ನೀರು ಸರಬರಾಜು ಕಚೇರಿಯ ಗಣಕ ವಿಭಾಗದ ಮಾನ್ಯ ಅಧಿಕಾರಿಗಳೇ,

ನಕ್ಷೆ ಕೊಠಡಿಯ ನಕ್ಷೆಗಾರ್ತಿಯು ಎದ್ದು ನಿಂತು ಸಲ್ಲಿಸುವ ನಮಸ್ಕಾರಗಳು. ಕುಳಿತೂ ಸಲ್ಲಿಸಬಹುದಿತ್ತು, ತಮ್ಮ ಕೃಪೆಯಿಂದ ಈಗ ನನಗೆ ಕೂತು ಮಾಡುವ ಕೆಲಸವೇ ಉಳಿದಿಲ್ಲ.

ಊರಿನ ನೆಲದಡಿಯ ಕೊಳವೆಗಳ ಸಾವಿರದ ನೂರ ನಲವತ್ತಾರು ನಕ್ಷೆಗಳು ಕಂಪ್ಯೂಟರಿನಲ್ಲಿ ವಿಪರೀತ ಜಾಗ ತಿನ್ನುತ್ತಿವೆಯೆಂದು ಮರುಗಿ, ಅವನ್ನೆಲ್ಲ ಅದುಮಿ ಒಂದೇ ಜಿಪ್ ಕಡತದಲ್ಲಿ ಗಂಟು ಕಟ್ಟುವ ಹನ್ನೊಂದು ಸಾಲಿನ ಪ್ರೋಗ್ರಾಮನ್ನು ತಾವು ಊಟದ ಬಿಡುವಿನಲ್ಲೇ ಬರೆದು ಮುಗಿಸಿದಿರಿ. ‘ಗಂಟಿಗೆ ಸೇರಿಸು’ ಎನ್ನಬೇಕಾದಲ್ಲಿ ‘ಹೊಸ ಗಂಟು ಕಟ್ಟು’ ಎಂದು ಬರೆದಿದ್ದರಿಂದ, ಆ ವಿಧೇಯ ಪ್ರೋಗ್ರಾಮು ಒಂದೊಂದು ನಕ್ಷೆಗೂ ಹಳೆಯ ಗಂಟನ್ನು ಎಸೆದು ಹೊಸದನ್ನು ಕಟ್ಟುತ್ತಾ, ಪ್ರತಿ ಸಲವೂ ‘ಯಶಸ್ವಿ’ ಎಂದು ಸಾರುತ್ತಾ, ಕೊನೆಯ ಸಾಲಿನ ಅಪ್ಪಣೆಯಂತೆ ಮೂಲಗಳನ್ನೂ ಅಳಿಸಿ, ಒಂದೇ ಒಂದು ನಕ್ಷೆಯನ್ನು ಉಳಿಸಿತು: ನಮ್ಮ ಕಚೇರಿಯ ಶೌಚಾಲಯದ್ದು. ಕಾಗದದ ಪ್ರತಿಗಳನ್ನು ಗೆದ್ದಲು ಮೊದಲೇ ತನ್ನ ವಿಧಾನದಲ್ಲಿ ಅದುಮಿ ಮುಗಿಸಿತ್ತು. ಆನೆಯನ್ನು ಬೆಂಕಿಪೊಟ್ಟಣಕ್ಕೆ ತುಂಬುತ್ತೇನೆಂದು ಹೊರಟು ಬಾಲವನ್ನಷ್ಟೇ ತುಂಬಿದ ತಮ್ಮ ಜಾಣ್ಮೆಗೆ ಬೆಲೆ ಕಟ್ಟಲಾರೆ.

ಮೂರನೆಯ ದಿನ ಬೆಳಿಗ್ಗೆ ಹೆರಿಗೆ ಆಸ್ಪತ್ರೆಯ ಮುಂದೆ ದೊಡ್ಡ ಕೊಳವೆ ಒಡೆಯಿತು. ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆಯೆಂದು ತಿಳಿಯದೆ ನಮ್ಮವರು ಮೂರು ಕಡೆ ಅಗೆದು, ಒಂದು ದೂರವಾಣಿ ತಂತಿಯನ್ನೂ ಒಬ್ಬರ ಮನೆಯ ಚರಂಡಿಯನ್ನೂ ಪತ್ತೆಹಚ್ಚಿದರು. ದಾದಿಯೊಬ್ಬರು ಫೋನ್ ಮಾಡಿ, “ಇಲ್ಲಿ ಎರಡು ಬಕೆಟ್ ನೀರಿದೆ, ಮೂರು ಹೆರಿಗೆ ಇದೆ. ಏನ್ಮಾಡ್ಲಿ, ನೀವೇ ಹೇಳಿ,” ಎಂದರು. ತಮ್ಮ ಪ್ರೋಗ್ರಾಮನ್ನು ಕೇಳಲು ಹೇಳೋಣವೆಂದುಕೊಂಡೆ.

ಕಡೆಗೆ, ನಿವೃತ್ತನಾಗಿ ಹನ್ನೆರಡು ವರ್ಷವಾದ ವಾಲ್ವ್ ತಿರುಗಿಸುವ ಕೆಲಸಗಾರನನ್ನು, ನಾವೆಲ್ಲ ಪೈಪ್ ಚಿಕ್ಕಪ್ಪ ಎನ್ನುವವನನ್ನು, ಮಂಡಿನೋವಿನ ಸಮೇತ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದೆ. ಅವನು ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದಕ್ಕೆ ಕಿವಿಯಿಟ್ಟು ನೆಲದಡಿಯ ನೀರಿನ ಸದ್ದು ಹುಡುಕಿ, ನಡೆಯುತ್ತಾ ನಿಲ್ಲುತ್ತಾ ಹೋಗಿ ಕ್ಷೌರದಂಗಡಿಯ ಮೆಟ್ಟಿಲ ಬಳಿ ತಲೆಯೆತ್ತಿದ. “ಇಲ್ಲೇ ಅಗೀರಿ. ಗೊಣಗ್ತಾ ಇದಾಳೆ, ಕೇಳಿಸ್ತಿಲ್ವಾ?” ವಾಲ್ವ್ ಅಲ್ಲೇ ಇತ್ತು. ಸಂಜೆಯ ಹೊತ್ತಿಗೆ ಕೊಳವೆ ಸರಿಯಾಯಿತು. ಮೂರು ಮಕ್ಕಳೂ ನೆಟ್ಟಗೆ ಹುಟ್ಟಿದವು.

ಈಗ ದಿನವೂ ಅವನ ಜೊತೆ ಬೀದಿ ಬೀದಿ ಅಲೆದು ನಕ್ಷೆಗಳನ್ನು ಮತ್ತೆ ಬರೆಯುತ್ತಿದ್ದೇನೆ. ನಲವತ್ತೊಂದಾಗಿವೆ. ಅವನಿಗೆ ಎಪ್ಪತ್ತು ದಾಟಿದೆ. ನಿನ್ನೆ ಒಂದು ತಿರುವಿನಲ್ಲಿ ಬಹಳ ಹೊತ್ತು ನಿಂತು, “ಇದು ಮರೆತೋಯ್ತಲ್ಲಮ್ಮ,” ಎಂದು ನೆಲ ನೋಡಿದ. ನಾನು ಆ ಜಾಗವನ್ನು ಖಾಲಿ ಬಿಟ್ಟೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಚಿಕ್ಕಪ್ಪನ ನೆನಪನ್ನು ಹಾಳಾಗದಂತೆ ಗಂಟು ಕಟ್ಟುವ ಪ್ರೋಗ್ರಾಮೊಂದನ್ನು ದಯಪಾಲಿಸಬೇಕು. ಅದು ತಮ್ಮ ಬಿಡುವಿನಲ್ಲಿ ಆಗದಿದ್ದರೆ, ನಾಳೆ ಬೆಳಿಗ್ಗೆ ಏಳಕ್ಕೆ ಹಳೆಯ ಸೇತುವೆಯ ಬಳಿ ಬಂದು ಅಳತೆ ಟೇಪಿನ ಒಂದು ತುದಿ ಹಿಡಿದುಕೊಳ್ಳಬೇಕು. ಅದಕ್ಕೆ ಹನ್ನೊಂದು ಸಾಲೂ ಬೇಡ, ಎರಡು ಬೆರಳು ಸಾಕು.

ತಮ್ಮ ವಿಶ್ವಾಸಿ,
ಸದ್ಯಕ್ಕೆ ಬೀದಿಯಲ್ಲಿರುವ ನಕ್ಷೆಗಾರ್ತಿ

ತಾ.ಕ.: ನಡೆದುದರ ಬಗ್ಗೆ ತಾವು ಕಳಿಸಿದ ವಿವರಣೆ ಜಿಪ್ ಕಡತವಾಗಿ ತಲುಪಿತು. ಬಿಚ್ಚಿ ನೋಡಿದೆ, ಒಳಗೆ ಏನೂ ಇರಲಿಲ್ಲ. ತಮ್ಮ ಈವರೆಗಿನ ಕೃತಿಗಳಲ್ಲಿ ಯಾರಿಗೂ ತೊಂದರೆ ಕೊಡದಿರುವುದು ಇದೊಂದೇ.